ನೆಲ ಡೊಂಕೇ? (ಆಟದ ಸಾಧನಗಳ ಪರೀಕ್ಷೆಯನ್ನು ಕುರಿತು)

‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಪರೀಕ್ಷೆಯಲ್ಲಿ ನಪಾಸಾದವನು ಪ್ರಶ್ನಪತ್ರಿಕೆಯನ್ನು ದೂರಿದಾಗ, ಪಂದ್ಯದಲ್ಲಿ ಸೋತವನು ಅಂಕಣವನ್ನು ದೂರಿದಾಗ ಈ ಗಾದೆಯನ್ನು ಅವನ ಮುಖದ ಮೇಲೆ ಎಸೆದು ನಾವು ನಗುತ್ತೇವೆ. ನಗುವುದು ಬಹುಮಟ್ಟಿಗೆ ನ್ಯಾಯವೇ ಸರಿ. ಆದರೆ ಈ ಗಾದೆ ಒಂದು ಪ್ರಶ್ನೆಯನ್ನು ಕೇಳದೆಯೇ ಬಿಟ್ಟಿದೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಆಗೇನು? ಅದನ್ನು ಅಳೆದು ನೋಡಿದವರು ಯಾರು? ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕದ್ದು ಕಳೆದ ವರ್ಷ, ಒಂದು ಸೋಲಿನ ಮೂಲಕ. ಅದನ್ನು ಹಿಡಿದುಕೊಂಡು ನಾನು ಓದಿದ, ಕೇಳಿದ, ನೋಡಿದ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಲೆಕ್ಕದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಮೊದಲು ಆ ಸೋಲಿನ ಕಥೆ. ಪಿಕಲ್‌ಬಾಲ್ ಎಂಬ ಆಟದ ಹೆಸರನ್ನು ಈಗ ನಮ್ಮಲ್ಲಿ ಅನೇಕರು ಕೇಳಿರುವರು. ಬ್ಯಾಡ್ಮಿಂಟನ್ ಜೋಡಿ ಆಟದ ಅಂಕಣದಷ್ಟೇ ದೊಡ್ಡದಾದ, ಎಂದರೆ 44 ಅಡಿ ಉದ್ದ 20 ಅಡಿ ಅಗಲದ ಅಂಕಣದಲ್ಲಿ, ನಡುವೆ ಸುಮಾರು ಸೊಂಟದ ಎತ್ತರಕ್ಕೆ ಬರುವ ಬಲೆ ಕಟ್ಟಿ, ರಂಧ್ರಗಳುಳ್ಳ ಪ್ಲಾಸ್ಟಿಕ್ ಚೆಂಡನ್ನು ಪ್ಯಾಡಲ್ ಎಂಬ ಹಲಗೆಯಿಂದ ಹೊಡೆದಾಡುವ ಆಟವಿದು. ನಾನೂ ನನ್ನ ಜೊತೆಗಾರನೂ ಹಳೆಯ ಬ್ಯಾಡ್ಮಿಂಟನ್ ಅಂಕಣದಲ್ಲಿಯೇ ಸುಣ್ಣದ ಗೆರೆ ಎಳೆದುಕೊಂಡು ಇದನ್ನು ಕಲಿತೆವು. ನಮ್ಮ ಕೈಲಿದ್ದುದು ಅಗ್ಗದ ಮರದ ಹಲಗೆಗಳು. ಅವುಗಳ ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದೆವು. ಹೀಗೆ ಕಲಿತು ದೂರದ ಒಂದು ಊರಿನಲ್ಲಿ ನಡೆದ ಪಂದ್ಯಾವಳಿಗೆ ಹೋದೆವು. ಹನ್ನೊಂದು ಅಂಕಗಳ ಆಟದಲ್ಲಿ ನಮಗೆ ಮೊದಲ ಸಲ ಮೂರು, ಎರಡನೆಯ ಸಲ ನಾಲ್ಕು ಅಂಕ ಬಂದವು. ಎದುರಾಳಿಯ ಹಲಗೆಗೆ ಚೆಂಡು ತಗಲಿದಾಗ ಬರುತ್ತಿದ್ದ ಸದ್ದೇ ಬೇರೆ. ನಮ್ಮದು ‘ಟಕ್’ ಎಂದರೆ ಅವರದು ‘ದಬ್’ ಎನ್ನುತ್ತಿತ್ತು. ಆ ಸದ್ದು ಕಿವಿಗೆ ಬೀಳುವಷ್ಟರಲ್ಲಿ ಚೆಂಡು ನಮ್ಮ ಎದೆಯ ಬಳಿ ಬಂದಿರುತ್ತಿತ್ತು. ನನ್ನ ಜೊತೆಗಾರ ಹೋಗಿ, “ಆ ಹಲಗಿ ಒಮ್ಮೆ ಪರೀಕ್ಷಾ ಮಾಡ್ರಿ ಸರ್” ಎಂದು ಕೇಳಿದ. ವ್ಯವಸ್ಥಾಪಕರು ನಕ್ಕು ಮೇಲಿನ ಗಾದೆಯನ್ನೇ ಹೇಳಿದರು.

ಪಂದ್ಯ ಮುಗಿದ ಮೇಲೆ ನಾನು ಆ ಎದುರಾಳಿಯನ್ನೇ ಕೇಳಿ ಅವನ ಹಲಗೆಯಿಂದ ಹತ್ತು ಚೆಂಡು ಹೊಡೆದು ನೋಡಿದೆ. ಅವನು ಒಳ್ಳೆಯ ಹುಡುಗ, ಸಂಕೋಚವಿಲ್ಲದೆ ಕೊಟ್ಟ. ನಾನು ಮೆಲ್ಲಗೆ ತಳ್ಳಿದ ಚೆಂಡೂ ಗೆರೆ ದಾಟಿ ಹೋಯಿತು. ಆದರೆ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಬಲೆಯ ಬಳಿ ಚೆಂಡನ್ನು ಮೆತ್ತಗೆ ಇಳಿಸುವುದರಲ್ಲಿ ಅವನ ಕೈ ನನಗಿಂತ ಬಹಳ ನುರಿತಿತ್ತು. ಹಲಗೆಗಳು ಅದಲುಬದಲಾಗಿದ್ದರೂ ನಾನು ಸೋಲುತ್ತಿದ್ದೆನೋ ಏನೋ. ಊರಿಗೆ ಮರಳುವ ಬಸ್ಸಿನಲ್ಲಿ ನನ್ನನ್ನು ಕಾಡಿದ್ದು ಇದೇ. ಸೋತದ್ದಕ್ಕೆ ನಾನು ಅಷ್ಟು ಮರುಗಲಿಲ್ಲ. ಏಕೆ ಸೋತೆನೆಂದು ತಿಳಿಯಲಾರದೆ ಹೋಯಿತಲ್ಲಾ ಎಂಬುದು ನನ್ನ ದುಃಖವಾಗಿತ್ತು. ಅವನಿಗೂ ತಾನು ಏಕೆ ಗೆದ್ದೆನೆಂದು ತಿಳಿದಿರಲಾರದು.

ಇಷ್ಟು ಹೇಳಿ ನಾನು ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತಾಗುವುದು. ಏಕೆಂದರೆ ನಾನೂ ಒಮ್ಮೆ ಇದೇ ತಪ್ಪನ್ನು ಮಾಡಿದವನು. ಹತ್ತಿಕುಣಿಯಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಟೆನ್ನಿಸ್ ಚೆಂಡಿನ ಕ್ರಿಕೆಟ್ಟಿನ ಹುಚ್ಚು ಬಹಳ. ಬಡಗಿಯೊಬ್ಬರ ಮುಂದೆ ಗೋಗರೆದು ನಾನೊಂದು ಬೇವಿನ ಬ್ಯಾಟು ಮಾಡಿಸಿಕೊಂಡೆ. ಅದು ಸಾಮಾನ್ಯ ಬ್ಯಾಟಿಗಿಂತ ಒಂದು ಬೆರಳು ಅಗಲವಿತ್ತು. ಆ ಬೇಸಗೆಯಲ್ಲಿ ನಾನು ಔಟಾಗುವುದೇ ಅಪರೂಪವಾಯಿತು. ಕೊನೆಗೆ ಪಕ್ಕದ ಹಳ್ಳಿಯ ಹುಡುಗರು ಜಗಳ ತೆಗೆದರು. ಕೈ ಕೈ ಹತ್ತುವ ಹೊತ್ತಿಗೆ ನನ್ನ ಸೋದರಮಾವ ಹೊಲದಿಂದ ಬರುತ್ತಿದ್ದವರು ನಿಂತರು. “ಜಗಳ ಯಾಕ್ರೋ? ಎರಡು ಇಟ್ಟಂಗಿ ತರ್ರಿ” ಎಂದರು. ಅಂಗಡಿಯಿಂದ ತಂದ ಬ್ಯಾಟೊಂದನ್ನು ನೆಲದ ಮೇಲೆ ಇಟ್ಟು, ಅದರ ಎರಡು ಮಗ್ಗುಲಿಗೂ ಒಂದೊಂದು ಇಟ್ಟಂಗಿ ತಾಗಿಸಿ ಇಟ್ಟರು. ಆಮೇಲೆ ಬ್ಯಾಟು ತೆಗೆದು, “ಈಗ ಒಬ್ಬೊಬ್ಬರ ಬ್ಯಾಟು ಈ ಸಂದಿಯಾಗ ಹೋಗಲಿ. ಹೋದದ್ದು ಆಡಲಿ, ಹೋಗದ್ದು ಒಲಿಗೆ ಹೋಗಲಿ” ಎಂದರು. ಉಳಿದವರ ಬ್ಯಾಟುಗಳೆಲ್ಲ ಹೋದವು. ನನ್ನದು ಸಿಕ್ಕಿಕೊಂಡಿತು. ಮಾವ ನನ್ನನ್ನು ಬೈಯಲಿಲ್ಲ. “ನೀ ಚಲೋ ಆಡ್ತಿ ಅಂತ ನಾ ತಿಳ್ಕೊಂಡಿದ್ದೆ ತಮ್ಮಾ, ಇನ್ನ ಮ್ಯಾಲ ನೋಡೋಣು” ಎಂದಷ್ಟೇ ಹೇಳಿ ಹೊರಟುಹೋದರು. ಆ ಮಾತಿನ ಏಟು ಇಂದಿಗೂ ಮಾಯ್ದಿಲ್ಲ.

ಮಾವನಿಗೆ ತಿಳಿಯದೆ ಅವರು ಮಾಡಿದ್ದು ಕ್ರಿಕೆಟ್ ಲೋಕದ ಬಹು ಹಳೆಯ ಒಂದು ಕೆಲಸ. 1771ರಲ್ಲಿ ಇಂಗ್ಲೆಂಡಿನ ಹ್ಯಾಂಬಲ್ಡನ್ ತಂಡದ ಮೇಲೆ ಆಡಲು ಬಂದ ಥಾಮಸ್ ವೈಟ್ ಎಂಬಾತ ವಿಕೆಟ್ಟಿನಷ್ಟೇ ಅಗಲವಾದ ಬ್ಯಾಟನ್ನು ಹಿಡಿದು ನಿಂತನು. ಅಂದಿನವರೆಗೆ ಬ್ಯಾಟು ಎಷ್ಟು ಅಗಲವಿರಬೇಕೆಂಬ ನಿಯಮವೇ ಇರಲಿಲ್ಲ. ಹ್ಯಾಂಬಲ್ಡನ್ನಿನವರು ಕೂಡಲೇ ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲವನ್ನು ಮೀರಕೂಡದೆಂದು ಬರೆದು ಸಹಿ ಹಾಕಿದರು. 1774ರ ನಿಯಮಗಳಲ್ಲಿ ಅದು ಸೇರಿಕೊಂಡಿತು. ಇಂದಿನ ನಿಯಮದಲ್ಲಿರುವ 108 ಮಿಲಿಮೀಟರ್ ಎಂಬುದು ಅದೇ ನಾಲ್ಕೂಕಾಲು ಅಂಗುಲ! ಇನ್ನೂರೈವತ್ತು ವರ್ಷಗಳಲ್ಲಿ ಎಷ್ಟೋ ರಾಜ್ಯಗಳು ಅಳಿದು ಉಳಿದರೂ ಈ ಅಳತೆ ಕದಲಲಿಲ್ಲ. ಆದರೆ ಬ್ಯಾಟು ಅಗಲದಲ್ಲಿ ಬೆಳೆಯಲಾಗದೆ ದಪ್ಪದಲ್ಲಿ ಬೆಳೆಯಿತು. ಮರವನ್ನು ಒಣಗಿಸಿ ಹಗುರ ಮಾಡಿ, ಅದೇ ತೂಕದಲ್ಲಿ ದಪ್ಪ ಅಂಚಿನ ಬ್ಯಾಟುಗಳು ಬಂದವು. ಅಂಚಿಗೆ ತಗಲಿದ ಚೆಂಡೂ ಬೌಂಡರಿ ದಾಟತೊಡಗಿತು. ಆದುದರಿಂದ 2017ರ ಅಕ್ಟೋಬರಿನಿಂದ ಬ್ಯಾಟಿನ ಅಂಚು 40 ಮಿಲಿಮೀಟರನ್ನೂ ಒಟ್ಟು ದಪ್ಪ 67 ಮಿಲಿಮೀಟರನ್ನೂ ಮೀರಬಾರದೆಂದು ಗೊತ್ತುಮಾಡಲಾಯಿತು.

ಇದನ್ನು ನೋಡಲು ‘ಗೇಜು’ ಎಂಬ ಒಂದು ಸಾಧನವುಂಟು. ಬ್ಯಾಟಿನ ಆಕಾರದ ಕಂಡಿಯುಳ್ಳ ಒಂದು ಚೌಕಟ್ಟು, ಅಷ್ಟೇ. ಬ್ಯಾಟು ಅದರೊಳಗೆ ತೂರಿದರೆ ಸರಿ, ತೂರದಿದ್ದರೆ ತಪ್ಪು. 2025ರ ಐ.ಪಿ.ಎಲ್. ಪಂದ್ಯಗಳಲ್ಲಿ ಅಂಪೈರುಗಳು ಮೈದಾನದಲ್ಲಿಯೇ, ಸಾವಿರಾರು ಜನರ ಕಣ್ಣೆದುರಿಗೆ, ಇದನ್ನು ಮಾಡತೊಡಗಿದರು. ಜೈಪುರದಲ್ಲಿ ನಮ್ಮ ಬೆಂಗಳೂರು ತಂಡದ ಪಂದ್ಯದಲ್ಲಿಯೂ ಬ್ಯಾಟುಗಳು ಈ ಚೌಕಟ್ಟಿನಲ್ಲಿ ತೂರಿ ಬಂದವು. ಅದೇ ಏಪ್ರಿಲಿನಲ್ಲಿ ಪಂಜಾಬಿನ ಮೇಲೆ ಆಡುತ್ತಿದ್ದ ಕೋಲ್ಕತ್ತಾ ತಂಡದ ಸುನಿಲ್ ನರೈನ್ ಅವರ ಬ್ಯಾಟು ತೂರದೆ ನಿಂತು, ಅವರು ಬೇರೆ ಬ್ಯಾಟನ್ನು ತೆಗೆದುಕೊಳ್ಳಬೇಕಾಯಿತು. ಕೋಟಿ ಕೋಟಿ ರೂಪಾಯಿಗಳ ಆಟದ ಈ ಪರೀಕ್ಷೆಗೂ ನಮ್ಮ ಮಾವನ ಎರಡು ಇಟ್ಟಂಗಿಗಳ ಪರೀಕ್ಷೆಗೂ ತತ್ತ್ವದಲ್ಲಿ ಎಳ್ಳಷ್ಟೂ ಭೇದವಿಲ್ಲ.

ಆದರೆ ಎಲ್ಲ ಡೊಂಕೂ ಇಟ್ಟಂಗಿಯ ಸಂದಿಯಲ್ಲಿ ಸಿಕ್ಕಿಬೀಳುವುದಿಲ್ಲ. ಉದ್ದ ಅಗಲಗಳು ಕಣ್ಣಿಗೆ ಕಾಣುವಂಥವು. ಒಳಗಿನ ಗುಣವನ್ನು ಅಳೆಯುವುದು ಹೇಗೆ? ಈ ಪ್ರಶ್ನೆ ಜಗತ್ತಿಗೆ ಜೋರಾಗಿ ಕೇಳಿಸಿದ್ದು ನಮ್ಮ ಭಾರತದ ನೆಲದ ಮೇಲೆಯೇ ಎಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಟೇಬಲ್ ಟೆನ್ನಿಸ್ ಪಂದ್ಯಗಳು ನಡೆದವು. ಜಪಾನಿನ ಹಿರೋಜಿ ಸಾತೋ ಎಂಬ ಆಟಗಾರರು ದಪ್ಪ ಸ್ಪಂಜು ಅಂಟಿಸಿದ ಬ್ಯಾಟನ್ನು ತಂದಿದ್ದರು. ಅಂದಿನ ಆಟಗಾರರು ಚೆಂಡು ತಗಲುವ ಸದ್ದಿನಿಂದ ಹೊಡೆತದ ಬಲವನ್ನು ಊಹಿಸುತ್ತಿದ್ದರು. ಸ್ಪಂಜಿನಲ್ಲಿ ಆ ಸದ್ದೇ ಅಡಗಿಹೋಯಿತು. ಸಾತೋ ವಿಶ್ವ ಚಾಂಪಿಯನ್ ಆದರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ, ಏಕೆಂದರೆ ಮುರಿಯಲು ನಿಯಮವೇ ಇರಲಿಲ್ಲ. ಏಳು ವರ್ಷಗಳ ವಾದವಿವಾದದ ಅನಂತರ, 1959ರಲ್ಲಿ, ರಬ್ಬರೂ ಸ್ಪಂಜೂ ಸೇರಿ ಒಂದು ಮಗ್ಗುಲಿಗೆ 4 ಮಿಲಿಮೀಟರನ್ನು ಮೀರಕೂಡದೆಂದು ಆಯಿತು. ಸ್ಪಂಜನ್ನು ಪೂರ್ತಿಯಾಗಿ ಬೇಡವೆನ್ನಲಿಲ್ಲ, ಅದಕ್ಕೊಂದು ಮೇರೆ ಹಾಕಿದರು. ಹೊಸತನ್ನು ಕೊಲ್ಲದೆ ಅದನ್ನು ಅಳತೆಯೊಳಗೆ ತರುವ ಈ ದಾರಿಯೇ ಎಲ್ಲ ಆಟಗಳಿಗೂ ಮೇಲ್ಪಂಕ್ತಿಯೆಂದು ನನಗೆ ತೋರುತ್ತದೆ.

ಈಗ ಪಿಕಲ್‌ಬಾಲಿಗೆ ಬರೋಣ. 1965ರ ಬೇಸಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ, ಬೇಸರಪಡುತ್ತಿದ್ದ ಮಕ್ಕಳಿಗಾಗಿ, ಜೋಯಲ್ ಪ್ರಿಚರ್ಡ್ ಮತ್ತು ಅವರ ಇಬ್ಬರು ಗೆಳೆಯರು ಈ ಆಟವನ್ನು ಹುಟ್ಟಿಸಿದರು. ಆಗಿನ ಹಲಗೆಗಳು ಪ್ಲೈವುಡ್ಡಿನವು, ನಮ್ಮ ಕೈಯಲ್ಲಿದ್ದಂಥವೇ. 1984ರಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯ ಎಂಜಿನಿಯರರಾದ ಆರ್ಲೆನ್ ಪರಾಂಟೋ ಎಂಬವರು ವಿಮಾನದ ನೆಲಕ್ಕೆ ಹಾಸುವ ಹಗುರವಾದ ಹಾಳೆಗಳಿಂದ ಹಲಗೆ ಮಾಡಿದರು. ಆ ಹಾಳೆಗಳ ಒಳಗೆ ಜೇನುಹುಟ್ಟಿನಂತೆ ಆರು ಮೂಲೆಯ ಗೂಡುಗಳು, ಮೇಲೆ ಕೆಳಗೆ ಗಟ್ಟಿ ಹೊದಿಕೆ. ಇಂದಿನ ಹಲಗೆಗಳೂ ಬಹುಮಟ್ಟಿಗೆ ಇದೇ ಜಾತಿಯವು. ಒಳಗೆ ಪ್ಲಾಸ್ಟಿಕ್ಕಿನ ಜೇನುಹುಟ್ಟು, ಹೊರಗೆ ಕಾರ್ಬನ್ ನಾರಿನ ಹೊದಿಕೆ. ಹಲಗೆಯ ಉದ್ದ 17 ಅಂಗುಲವನ್ನು, ಉದ್ದವೂ ಅಗಲವೂ ಕೂಡಿ 24 ಅಂಗುಲವನ್ನು ಮೀರಬಾರದೆಂಬುದು ನಿಯಮ. ಇಷ್ಟನ್ನು ಅಳೆಯಲು ಇಟ್ಟಂಗಿ ಸಾಕು. ಉಳಿದುದಕ್ಕೆ ಸಾಲದು.

ಉಳಿದುದೆಂದರೆ ಮುಖ್ಯವಾಗಿ ಎರಡು ಗುಣಗಳು. ಒಂದನೆಯದು ಮೈಯ ಒರಟುತನ. ಹಲಗೆಯ ಮೈ ಒರಟಾದಷ್ಟೂ ಚೆಂಡಿಗೆ ತಿರುಗಣೆ ಹೆಚ್ಚು. ಇದನ್ನು ನೋಡಲು ಒಂದು ಸೂಕ್ಷ್ಮವಾದ ಮುಳ್ಳನ್ನು ಮೈಮೇಲೆ ಎಳೆದು ಅದರ ಏರಿಳಿತಗಳನ್ನು ಯಂತ್ರದಿಂದ ಬರೆಯಿಸುತ್ತಾರೆ. ಅಮೆರಿಕದ ಪಿಕಲ್‌ಬಾಲ್ ಸಂಸ್ಥೆಯ ನಿಯಮದಂತೆ ಈ ಏರಿಳಿತದ ಸರಾಸರಿ 30 ಮೈಕ್ರೋಮೀಟರನ್ನು ಮೀರಬಾರದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ಮೂವತ್ತು ಪಾಲು ಎಂದರ್ಥ. ಮರಳು ಕಾಗದದಿಂದ ಎರಡು ಸಲ ಉಜ್ಜಿದರೂ ಸಾಕು, ಈ ಗೆರೆಯನ್ನು ದಾಟಬಹುದು.

ಎರಡನೆಯ ಗುಣ ಪುಟಿತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೆಂಡನ್ನು ಕಲ್ಲಿನ ಮೇಲೆ ಬೀಳಿಸಿದರೆ ಅದು ಬಿಟ್ಟ ಎತ್ತರಕ್ಕೆ ಮರಳಿ ಏರುವುದಿಲ್ಲ. ಬಡಿದ ಕ್ಷಣದಲ್ಲಿ ಚೆಂಡು ಚಪ್ಪಟೆಯಾಗಿ ಮತ್ತೆ ದುಂಡಾಗುತ್ತದೆ. ಈ ನಲುಗಾಟದಲ್ಲಿ ಅದರ ಶಕ್ತಿಯ ಒಂದು ಪಾಲು ಕಾವಾಗಿ ಕಳೆದುಹೋಗುತ್ತದೆ. ಬಡಿಯುವ ವೇಗಕ್ಕೂ ಮರಳುವ ವೇಗಕ್ಕೂ ಇರುವ ಪ್ರಮಾಣವನ್ನು ನಾವು ‘ಪುಟಿತಾಂಕ’ ಎನ್ನೋಣ. ಏರಿದ ಎತ್ತರವನ್ನು ಬೀಳಿಸಿದ ಎತ್ತರದಿಂದ ಭಾಗಿಸಿ, ಬಂದುದರ ವರ್ಗಮೂಲ ತೆಗೆದರೆ ಅದೇ ಪುಟಿತಾಂಕ. ನೂರು ಸೆಂಟಿಮೀಟರ್ ಮೇಲಿನಿಂದ ಬಿದ್ದ ಚೆಂಡು 36 ಸೆಂಟಿಮೀಟರ್ ಏರಿದರೆ ಪುಟಿತಾಂಕ 0.6. ಪಿಕಲ್‌ಬಾಲ್ ಚೆಂಡನ್ನು 78 ಅಂಗುಲ ಎತ್ತರದಿಂದ ಗ್ರ್ಯಾನೈಟ್ ಕಲ್ಲಿನ ಮೇಲೆ ಬಿಟ್ಟರೆ ಅದು 30ರಿಂದ 34 ಅಂಗುಲ ಏರಬೇಕೆಂಬ ನಿಯಮವುಂಟು. ಲೆಕ್ಕ ಹಾಕಿ ನೋಡಿದರೆ ಪುಟಿತಾಂಕ ಸುಮಾರು 0.62ರಿಂದ 0.66ರವರೆಗೆ ಬರುವುದು.

ಈಗ ಕಲ್ಲಿನ ಬದಲು ಚೆಂಡು ಒಂದು ಬಾಗುವ ಮೈಗೆ ಬಡಿಯಿತೆನ್ನಿ. ನಮ್ಮ ಮನೆಗಳ ಅಂಗಳದಲ್ಲಿರುವ ಹಗ್ಗದ ಹೊರಸನ್ನು ನೆನೆಸಿಕೊಳ್ಳಿ. ಮಕ್ಕಳು ನೆಲದ ಮೇಲೆ ನೆಗೆಯುವುದಕ್ಕಿಂತ ಹೊರಸಿನ ಮೇಲೆ ನೆಗೆಯಲು ಏಕೆ ಹಾತೊರೆಯುತ್ತಾರೆ? ಹಗ್ಗ ಬಾಗಿ ಅವರ ಬಲವನ್ನು ತನ್ನಲ್ಲಿಟ್ಟುಕೊಂಡು ಮರುಕ್ಷಣವೇ ಹಿಂದಕ್ಕೆ ಕೊಡುವುದರಿಂದ. ಹಲಗೆಯ ಮೈಯೂ ಹೀಗೆ ಬಾಗಿ ಚಿಮ್ಮಿದರೆ ಚೆಂಡು ತಾನು ನಲುಗುವುದು ಕಡಮೆಯಾಗುತ್ತದೆ, ಶಕ್ತಿ ಪೋಲಾಗುವುದು ಕಡಮೆಯಾಗುತ್ತದೆ, ಚೆಂಡು ಹೆಚ್ಚು ವೇಗದಿಂದ ಹಾರುತ್ತದೆ. ಹೊಡೆಯುವವನ ತೋಳು ಅದೇ, ಬಲ ಅದೇ. ಹೆಚ್ಚಿನ ವೇಗವೆಲ್ಲ ಹಲಗೆಯ ದಾನ.

ವೇಗ ಹೆಚ್ಚಾದರೆ ಕೆಟ್ಟದ್ದೇನು ಎಂದು ಕೇಳಬಹುದು. ಈ ಆಟದಲ್ಲಿ ಬಲೆಯ ಎರಡು ಕಡೆಗೂ ಏಳೇಳು ಅಡಿಯ ಪಟ್ಟಿಯಿದೆ. ಅದರೊಳಗೆ ನಿಂತು ಪುಟಿಯದ ಚೆಂಡನ್ನು ಹೊಡೆಯಕೂಡದು. ಆದುದರಿಂದ ಎರಡು ತಂಡದವರೂ ಆ ಗೆರೆಗಳ ಬಳಿ ಎದುರುಬದುರಾಗಿ ಹದಿನಾಲ್ಕು ಅಡಿ ಅಂತರದಲ್ಲಿ ನಿಂತು ಆಡುವುದು ರೂಢಿ. ಚೆಂಡು ಗಂಟೆಗೆ 50 ಕಿಲೋಮೀಟರ್ ವೇಗದಿಂದ ಬರುತ್ತದೆಂದು ಇಟ್ಟುಕೊಂಡರೆ ಈ ಅಂತರವನ್ನು ದಾಟಲು ಸೆಕೆಂಡಿನ ಮೂರನೆಯ ಒಂದು ಪಾಲೂ ಬೇಡ. ಅದೇ 60 ಆದರೆ ಕಾಲು ಸೆಕೆಂಡು. ಅಷ್ಟರಲ್ಲಿ ನೋಡಿ, ತಿಳಿದು, ಕೈ ಎತ್ತಬೇಕು. ಎತ್ತಲಾರದವನ ಕಣ್ಣಿಗೆ ಚೆಂಡು ಬಡಿಯುವ ಅಪಾಯವೂ ಉಂಟು. ಹೀಗಾಗಿ ಇಲ್ಲಿ ನ್ಯಾಯದ ಪ್ರಶ್ನೆಯೊಡನೆ ಮೈಯ ರಕ್ಷಣೆಯ ಪ್ರಶ್ನೆಯೂ ಹೆಣೆದುಕೊಂಡಿದೆ.

ನಾನೂ ಗೆಳೆಯರೂ ಸೇರಿ ಕಾಲೇಜಿನ ಮೊಗಸಾಲೆಯಲ್ಲಿ ಒಂದು ಪ್ರಯೋಗ ಮಾಡಿದೆವು. ನಮ್ಮ ಮರದ ಹಲಗೆಯನ್ನೂ, ಎರವಲು ತಂದ ಕಾರ್ಬನ್ ಹಲಗೆಯನ್ನೂ ನೆಲಕ್ಕೆ ಒತ್ತಿಹಿಡಿದು, ಮೀಟರ್ ಪಟ್ಟಿಯ ಎತ್ತರದಿಂದ ಚೆಂಡು ಬಿಟ್ಟು ಪುಟಿತವನ್ನು ಗುರುತು ಹಾಕಿಕೊಂಡೆವು. ಎರಡರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ! ನಮ್ಮ ಉತ್ಸಾಹ ತಣ್ಣಗಾಯಿತು. ಆಮೇಲೆ ಓದಿದಾಗ ಕಾರಣ ತಿಳಿಯಿತು. ಮೆಲ್ಲಗೆ ಬಿದ್ದ ಚೆಂಡು ಹಲಗೆಯ ಮೈಯನ್ನು ಬಾಗಿಸುವುದೇ ಇಲ್ಲ. ನೆಲಕ್ಕೆ ಒತ್ತಿದ ಹಲಗೆಗೆ ಬಾಗಲು ಎಡೆಯೂ ಇಲ್ಲ. ಹಲಗೆಯ ಗುಟ್ಟು ಹೊರಬರಬೇಕಾದರೆ ಆಟದಲ್ಲಿ ಬಡಿಯುವಷ್ಟೇ ಜೋರಾಗಿ ಚೆಂಡು ಬಡಿಯಬೇಕು. ಆದುದರಿಂದಲೇ ಪರೀಕ್ಷಾಲಯದಲ್ಲಿ ಗಾಳಿಯ ಒತ್ತಡದ ಕೊಳವೆಯಿಂದ ಚೆಂಡನ್ನು ಹಲಗೆಗೆ ಹಾರಿಸಿ, ಹೋಗುವ ವೇಗವನ್ನೂ ಮರಳುವ ವೇಗವನ್ನೂ ಅಳೆಯುತ್ತಾರೆ. ಅಮೆರಿಕದ ಸಂಸ್ಥೆ ಈ ಪರೀಕ್ಷೆಯನ್ನು 2024ರ ಕೊನೆಯಲ್ಲಿ ಜಾರಿಗೆ ತಂದು, ಹೊಸ ಹಲಗೆಗಳಿಗೆ 0.43 ಎಂಬ ಮಿತಿಯನ್ನು ಇಟ್ಟಿತು. ಕಲ್ಲಿನ ಮೇಲಿನ 0.62 ಎಲ್ಲಿ, ಈ 0.43 ಎಲ್ಲಿ ಎಂದು ಗಾಬರಿಯಾಗಬೇಕಿಲ್ಲ. ವೇಗ ಹೆಚ್ಚಿದಂತೆ ಚೆಂಡು ಹೆಚ್ಚು ನಲುಗಿ ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳುವುದು.

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬಾರದು. ಅಳತೆ ಇದ್ದಮಾತ್ರಕ್ಕೆ ನ್ಯಾಯ ದೊರೆಯುವುದಾದರೆ ಸಂತೆಯಲ್ಲಿ ಮೋಸವೇ ಇರುತ್ತಿರಲಿಲ್ಲ. ನನ್ನ ಅಪ್ಪ ಓದುಬರಹ ಬಾರದವರು, ಹತ್ತಿ ಬೆಳೆಯುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಪರೀಕ್ಷೆಯೆಂಬುದರ ಮೂರು ಕಷ್ಟಗಳನ್ನು ನನಗೆ ತಿಳಿಸಿದವರು ಅಪ್ಪನೇ.

ಮೊದಲನೆಯ ಕಷ್ಟ ಮಾದರಿಯದು. “ಚೀಲದ ಬಾಯಾಗಿನ ಹತ್ತಿ ನೋಡಿ ಬೆಲಿ ಕಟ್ಟಬಾರದು, ತಳಕ್ಕ ಕೈ ಹಾಕಬೇಕು” ಎಂದು ಅಪ್ಪ ಹೇಳುವರು. ಹಲಗೆಯ ತಯಾರಕರು ಪರೀಕ್ಷೆಗೆ ಮಾದರಿಗಳನ್ನು ಕಳುಹಿಸುತ್ತಾರೆ. ಅಂಗಡಿಗೆ ಬರುವ ಸಾವಿರಾರು ಹಲಗೆಗಳೂ ಅಂಥವೇ ಎಂಬುದಕ್ಕೆ ಏನು ನಂಬಿಕೆ? 2024ರ ಮೇ ತಿಂಗಳಲ್ಲಿ ಇದೇ ಪ್ರಶ್ನೆ ಎದ್ದಿತು. ಜೂಲಾ ಎಂಬ ಹೆಸರಾಂತ ಕಂಪನಿಯ ಹೊಸ ತಲೆಮಾರಿನ ಹಲಗೆಗಳನ್ನು ಅಮೆರಿಕದ ಸಂಸ್ಥೆ ತನ್ನ ಒಪ್ಪಿತ ಪಟ್ಟಿಯಿಂದ ತೆಗೆದುಹಾಕಿತು. ಮಾರುಕಟ್ಟೆಗೆ ಬಂದವು ಪರೀಕ್ಷೆಗೆ ಬಂದವುಗಳಂತಿಲ್ಲ ಎಂಬುದು ಸಂಸ್ಥೆಯ ವಾದ. ಅದು ಕಾಗದಪತ್ರದ ತಪ್ಪೇ ಹೊರತು ಮೋಸವಲ್ಲ ಎಂಬುದು ಕಂಪನಿಯ ವಾದ. ಕಂಪನಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಯಾರದು ಸರಿ ಎಂದು ತೀರ್ಪು ಕೊಡುವುದು ನನ್ನಂಥವನ ಕೆಲಸವಲ್ಲ. ಚೀಲದ ಬಾಯನ್ನಷ್ಟೇ ನೋಡಿದರೆ ಸಾಲದು ಎಂಬ ಪಾಠವಂತೂ ಅದರಿಂದ ಎಲ್ಲರಿಗೂ ಆಯಿತು.

ಎರಡನೆಯದು ಕಾಲದ ಕಷ್ಟ. ಒಂದು ವರ್ಷ ಒಬ್ಬ ವ್ಯಾಪಾರಿಯ ತೂಕದ ಯಂತ್ರದಲ್ಲಿ ನಮ್ಮ ಹತ್ತಿ ಮನೆಯಲ್ಲಿ ತೂಗಿದ್ದಕ್ಕಿಂತ ಕಡಮೆ ಬಂತು. ಯಂತ್ರದ ಮೇಲೆ ಸರಕಾರದ ಮುದ್ರೆ ಇತ್ತು, ಆದರೆ ಅದರ ಅವಧಿ ತೀರಿತ್ತು. ಅಂದಿನಿಂದ ಅಪ್ಪ ಮೊದಲು ಮುದ್ರೆಯ ವರ್ಷವನ್ನು ಯಾರಿಂದಲಾದರೂ ಓದಿಸಿಕೊಳ್ಳುವರು, ಈಗ ನನ್ನಿಂದ. ತಕ್ಕಡಿ ಒಮ್ಮೆ ಸರಿಯಿದ್ದರೆ ಎಂದೆಂದಿಗೂ ಸರಿಯಿರುವುದಿಲ್ಲ. ಆದುದರಿಂದಲೇ ಕಾನೂನು ಅದನ್ನು ಮತ್ತೆ ಮತ್ತೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕೆನ್ನುತ್ತದೆ. ಹಲಗೆಯೂ ಹಾಗೆಯೇ, ಆದರೆ ಒಂದು ವಿಚಿತ್ರವಿದೆ. ಬೇರೆ ಸಾಧನಗಳು ಹಳತಾದಂತೆ ಬಲಗುಂದಿದರೆ ಇದು ಕೆಲವೊಮ್ಮೆ ಹಳತಾದಂತೆ ಬಲಗೊಳ್ಳುತ್ತದೆ! ಸಾವಿರಾರು ಹೊಡೆತಗಳಿಂದ ಒಳಗಿನ ಜೇನುಹುಟ್ಟು ಜಜ್ಜಿ, ಮೇಲಿನ ಹೊದಿಕೆ ಅದರಿಂದ ಬಿಟ್ಟುಕೊಂಡರೆ, ಹೊದಿಕೆ ಡೋಲಿನ ಚರ್ಮದಂತೆ ಸ್ವತಂತ್ರವಾಗಿ ಬಾಗಿ ಚಿಮ್ಮತೊಡಗುವುದು. ಹೊಸದಿದ್ದಾಗ ಪರೀಕ್ಷೆಯಲ್ಲಿ ಪಾಸಾದ ಹಲಗೆ ಆರು ತಿಂಗಳಲ್ಲಿ ನಿಯಮ ಮೀರಿದ ಹಲಗೆಯಾಗಬಹುದು. ಹಿಡಿದವನಿಗೂ ಅದು ತಿಳಿದಿರಬೇಕೆಂದಿಲ್ಲ. ಅಂದಿನ ನನ್ನ ಎದುರಾಳಿಯ ‘ದಬ್’ ಎಂಬ ಹಲಗೆ ಇಂಥದೇ ಆಗಿದ್ದೀತು. ಆದುದರಿಂದ ಅಂಗಡಿಯ ಮುದ್ರೆಯನ್ನು ನಂಬಿ ಕೂಡದೆ, ಪಂದ್ಯದ ದಿನ ಪಂದ್ಯದ ಸ್ಥಳದಲ್ಲಿಯೇ ಹಲಗೆಯನ್ನು ಪರೀಕ್ಷಿಸಬೇಕೆಂಬ ವಿಚಾರ ವೃತ್ತಿಪರ ಪಂದ್ಯಗಳಲ್ಲಿ ಬಲಗೊಂಡಿದೆ.

ಮೂರನೆಯದು ಎರಡು ತಕ್ಕಡಿಗಳ ಕಷ್ಟ. ಅಪ್ಪನ ಬಾಲ್ಯದಲ್ಲಿ ಹಿರಿಯರು ಸೇರು, ಮಣಗಳ ಲೆಕ್ಕ ಬಿಟ್ಟಿರಲಿಲ್ಲ, ಪೇಟೆಯವರು ಕಿಲೋ ಎನ್ನುತ್ತಿದ್ದರು. ಈ ಎರಡರ ನಡುವೆ ಬಡವನ ಗಂಟು ಕರಗುತ್ತಿತ್ತಂತೆ. ದೇಶಕ್ಕೆಲ್ಲ ಒಂದೇ ಅಳತೆ ಬೇಕೆಂದು 1956ರಲ್ಲಿ ಕಾನೂನಾದದ್ದು ಇಂಥ ಕಾರಣಕ್ಕೆ. ಪಿಕಲ್‌ಬಾಲಿನಲ್ಲಿ ಅಮೆರಿಕದ ವೃತ್ತಿಪರ ಪಂದ್ಯಗಳನ್ನು ನಡೆಸುವವರು 2024ರಲ್ಲಿ ತಮ್ಮದೇ ಬೇರೊಂದು ಸಂಸ್ಥೆ ಕಟ್ಟಿಕೊಂಡು ಬೇರೊಂದು ಪಟ್ಟಿ ಮಾಡತೊಡಗಿದರು. ಒಂದರಲ್ಲಿ ಒಪ್ಪಿತವಾದದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಆಟ ಒಂದು, ತಕ್ಕಡಿ ಎರಡು.

ಇದೆಲ್ಲ ಅಮೆರಿಕದ ಮಾತು, ನಮಗೇಕೆ ಎನ್ನುವಂತಿಲ್ಲ. 2025ರ ಏಪ್ರಿಲಿನಲ್ಲಿ ಭಾರತ ಸರಕಾರದ ಕ್ರೀಡಾ ಸಚಿವಾಲಯವು ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್ನಿಗೆ ಮಾನ್ಯತೆ ಕೊಟ್ಟಿತು. ಅದೇ ವರ್ಷದ ಆರಂಭದಲ್ಲಿ ಮುಂಬಯಿಯಲ್ಲಿ ನಡೆದ ವರ್ಲ್ಡ್ ಪಿಕಲ್‌ಬಾಲ್ ಲೀಗಿನಲ್ಲಿ ಬೆಂಗಳೂರು ಜವಾನ್ಸ್ ತಂಡ ಪ್ರಶಸ್ತಿ ಪಡೆಯಿತು. ಬೆಂಗಳೂರಿನಲ್ಲಿ ಮನೆಯ ಮಾಳಿಗೆಗಳ ಮೇಲೂ ಅಂಕಣಗಳು ಎದ್ದಿವೆ. ಇಂದು ಬೆಂಗಳೂರಿಗೆ ಬಂದದ್ದು ನಾಳೆ ಯಾದಗಿರಿ, ಶಹಾಪುರ, ಸುರಪುರಗಳಿಗೂ ಬರುತ್ತದೆ. ಬಂದಾಗ ಅದು ನ್ಯಾಯದೊಡನೆ ಬರಲಿ ಎಂಬುದೇ ನನ್ನ ಆಸೆ.

ಇಲ್ಲಿ ನನಗೊಂದು ಸಂದೇಹವಿದೆ. ಈ ಪರೀಕ್ಷೆಗಳೆಲ್ಲ ಹಲಗೆಗೆ ಮೇಲಿನ ಮಿತಿಯನ್ನು ಹಾಕುತ್ತವೆ. ಇದಕ್ಕಿಂತ ಹೆಚ್ಚು ಚಿಮ್ಮಬಾರದು, ಇದಕ್ಕಿಂತ ಹೆಚ್ಚು ಒರಟಿರಬಾರದು ಎನ್ನುತ್ತವೆ. ಆದರೆ ಕೆಳಗಿನ ಮಿತಿಯ ಮಾತೇ ಇಲ್ಲ. ಇಪ್ಪತ್ತು ಸಾವಿರ ರೂಪಾಯಿಯ ಹಲಗೆ ಪರೀಕ್ಷೆಯಲ್ಲಿ ಪಾಸು, ನನ್ನ ಸೈಕಲ್ ಟ್ಯೂಬಿನ ಹಲಗೆಯೂ ಪಾಸು. ಎರಡೂ ಕಾನೂನಿಗೆ ಸರಿಸಮ. ಅಂಕಣದಲ್ಲಿ ಸರಿಸಮವೇ? ಪರೀಕ್ಷಾಲಯದ ಯಂತ್ರ ಹಲಗೆಯನ್ನು ಅಳೆಯಬಲ್ಲದು, ಹಿಡಿದವನ ಜೇಬನ್ನು ಅಳೆಯಲಾರದು. ನಮ್ಮ ತರಗತಿಯ ಒಬ್ಬ ಗೆಳತಿ, ನಮ್ಮೆಲ್ಲರಿಗಿಂತ ಚುರುಕಾಗಿ ಆಡುವವಳು, ಆಯ್ಕೆಯ ದಿನ ಬರಲೇ ಇಲ್ಲ. ಕೇಳಿದರೆ, “ಹಲಗಿ ಇಲ್ಲದೆ ಹೋಗಿ ನಿಂತರೆ ನಗ್ತಾರ” ಎಂದಳು. ಅವಳನ್ನು ಹೊರಗಿಟ್ಟ ಡೊಂಕು ಯಾವ ಪುಟಿತಾಂಕದಲ್ಲಿಯೂ ಕಾಣುವುದಿಲ್ಲ.

ಇದಕ್ಕೆ ಪರಿಹಾರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ ಪಂದ್ಯಗಳನ್ನು ನೋಡಿದ್ದೇವೆ. ಅಲ್ಲಿ ಯಾರೂ ತಮ್ಮ ಮನೆಯಿಂದ ಕಲ್ಲು ತರುವುದಿಲ್ಲ. ಗುಡಿಯ ಮುಂದೆ ಒಂದೇ ಕಲ್ಲು. ಗೌಡರ ಮಗನೂ ಅದನ್ನೇ ಎತ್ತಬೇಕು, ಕೂಲಿಯ ಮಗನೂ ಅದನ್ನೇ ಎತ್ತಬೇಕು. ಎತ್ತಿದವನು ಗೆದ್ದ, ಎತ್ತದವನು ಸೋತ. ಯಾಕೆ ಸೋತೆನೆಂದು ಯಾರೂ ಬಸ್ಸಿನಲ್ಲಿ ಕುಳಿತು ಯೋಚಿಸಬೇಕಾಗಿಲ್ಲ. ಬ್ಯಾಡ್ಮಿಂಟನ್ನಿನಲ್ಲಿಯೂ ಗರಿಯ ಚೆಂಡು ಇಬ್ಬರಿಗೂ ಒಂದೇ. ಅದರ ವೇಗ ಸರಿಯಿದೆಯೇ ಎಂದು ನೋಡಲು ಅಂಕಣದ ಹಿಂದಿನ ಗೆರೆಯಿಂದ ಪೂರ್ಣ ಬಲದಿಂದ ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತಾರೆ. ಎದುರಿನ ಹಿಂದಿನ ಗೆರೆಗಿಂತ 530ರಿಂದ 990 ಮಿಲಿಮೀಟರ್ ಈಚೆಗೆ ಅದು ಬಿದ್ದರೆ ಸರಿ. ಯಾವ ಯಂತ್ರವೂ ಬೇಡ, ಒಂದು ಕೈ, ಒಂದು ಗೆರೆ ಸಾಕು.

ಆದುದರಿಂದ ನನ್ನದೊಂದು ವಿನಂತಿ. ಕಾಲೇಜುಗಳ ಮಟ್ಟದ ಪಂದ್ಯಗಳಲ್ಲಿಯಾದರೂ ಹಲಗೆಗಳನ್ನು ಆಟಗಾರರು ತರುವುದು ಬೇಡ. ಪಂದ್ಯ ನಡೆಸುವವರೇ ಒಂದೇ ಜಾತಿಯ, ಮಧ್ಯಮ ಬೆಲೆಯ ಎಂಟು ಹಲಗೆಗಳನ್ನು ಕೊಂಡು ಮೇಜಿನ ಮೇಲೆ ಇಡಲಿ. ಪ್ರತಿ ಆಟಕ್ಕೂ ಆಟಗಾರರು ಬಂದು ಒಂದೊಂದನ್ನು ಎತ್ತಿಕೊಳ್ಳಲಿ, ಆಟ ಮುಗಿದ ಮೇಲೆ ಮರಳಿ ಇಡಲಿ. ಮುಂದಿನ ಆಟದಲ್ಲಿ ಹಲಗೆಗಳು ಬೇರೆ ಕೈಗಳಿಗೆ ಹೋಗಲಿ. ಎಂಟು ಹಲಗೆಗಳ ಬೆಲೆ ಒಬ್ಬ ಶ್ರೀಮಂತ ಆಟಗಾರನ ಒಂದು ಹಲಗೆಯ ಬೆಲೆಯ ಆಸುಪಾಸಿನಲ್ಲಿಯೇ ಮುಗಿದೀತು. ನಮ್ಮ ದೈಹಿಕ ಶಿಕ್ಷಣದ ಗುರುಗಳ ಮುಂದೆ ಈ ಮಾತನ್ನು ಇಟ್ಟಿದ್ದೇನೆ. “ಬರೆದು ಕೊಡು, ನೋಡೋಣ” ಎಂದಿರುವರು. ಈ ಲೇಖನವನ್ನೇ ಆ ಅರ್ಜಿಯೆಂದು ಅವರು ಸ್ವೀಕರಿಸಬೇಕಾಗಿ ಕೋರುತ್ತೇನೆ.

ಕುಣಿಯಲಾರದವಳು ನೆಲ ಡೊಂಕು ಎನ್ನುವುದು ತಪ್ಪು, ನಿಜ. ಆದರೆ ನೆಲವನ್ನು ಅಳೆಯದೆ ಅವಳಿಗೆ ಕುಣಿಯಲು ಬಾರದು ಎನ್ನುವುದೂ ತಪ್ಪೇ. ಮೊದಲು ಎರಡು ಇಟ್ಟಂಗಿ ತಂದು ನೆಲವನ್ನು ಸಮ ಮಾಡೋಣ. ಆಮೇಲೆ ಕುಣಿಯಲಿ. ಬಂದರೆ ಚಪ್ಪಾಳೆ ತಟ್ಟೋಣ, ಬಾರದಿದ್ದರೆ ಕಲಿಸೋಣ. ಈ ವರ್ಷ ಪದವಿ ಮುಗಿಸಿ ಹೊರಡುತ್ತಿರುವ ನಾನು ಆ ಮೇಜಿನ ಮೇಲಿನ ಹಲಗೆಯಿಂದ ಆಡಲಾರೆ. ಆದರೆ ನನ್ನ ಆ ಗೆಳತಿಯ ತಂಗಿ ಮುಂದಿನ ವರ್ಷ ಇದೇ ಕಾಲೇಜಿಗೆ ಸೇರುವವಳಿದ್ದಾಳೆ. ಅವಳು ಬರಿಗೈಯಲ್ಲಿ ಬಂದು, ಮೇಜಿನಿಂದ ಒಂದು ಹಲಗೆ ಎತ್ತಿಕೊಂಡು, ಸೋತರೂ ಗೆದ್ದರೂ ಅದು ತನ್ನದೇ ಸೋಲು, ತನ್ನದೇ ಗೆಲುವು ಎಂದು ತಿಳಿದು ಮನೆಗೆ ಹೋಗುವಂತಾಗಲಿ.